ಚಿಕ್ಕ ಕಾರಿಗೆ ಪ್ರೀಮಿಯಂ ಪೆಟ್ರೋಲ್ ಬೇಕಾ?

ಸರ್, ನಿಮ್ಮ ವ್ಯಾಗನ್ಆರ್ 1.0ಗೆ 95 ಆಕ್ಟೇನ್ ಪ್ರೀಮಿಯಂ ಹಾಕಿಸಬೇಕಾ ಅಂತ ಕೇಳಿದ್ದೀರಿ. ನಿಮ್ಮ ಭಾವಮೈದನಿಗೆ ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಸಿಕ್ಕಿತಂತೆ. ನನ್ನ ಪ್ರಕಾರ ಬೇಡ.

ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲಿಗೆ ಪವರ್ ಜಾಸ್ತಿ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಪಿಸ್ಟನ್ ಮೇಲೆ ಬರುವಾಗ ಒಳಗಿನ ಗಾಳಿ, ಪೆಟ್ರೋಲ್ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಪ್ಲಗ್ ಹಚ್ಚಿದ ಬೆಂಕಿ ತಲುಪುವ ಮೊದಲೇ ಅದು ತಾನಾಗಿ ಹತ್ತಿಕೊಂಡರೆ ಟಕಟಕ ಸದ್ದು ಬರುತ್ತದೆ, ಅದೇ ನಾಕಿಂಗ್. ಅದನ್ನು ತಡೆದುಕೊಳ್ಳುವ ಗುಣಕ್ಕೆ ಕೊಡುವ ಅಂಕಿಯೇ ಆಕ್ಟೇನ್. ನಾಕಿಂಗೇ ಇಲ್ಲದ ಎಂಜಿನ್‌ಗೆ ಅದರಿಂದ ಏನು ಲಾಭ?

ಇನ್ನೊಂದು ವಿಷಯ ಇದೆ. ಸಾದಾ ಪೆಟ್ರೋಲಿಗೇ ಕನಿಷ್ಠ 91 ಆಕ್ಟೇನ್ ಇರಬೇಕು ಅಂತ ಮೊದಲೇ ಇತ್ತು. ಈಗ ಬಂಕ್‌ಗಳಲ್ಲಿ ಸಿಗುವ ಇ20ಗೆ, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ, ಮಾನದಂಡದಲ್ಲೇ 95 ಇದೆ, ಯಾಕೆಂದರೆ ಎಥೆನಾಲ್ ಆಕ್ಟೇನ್ 108ರ ಮೇಲಿದೆ. ಅಂದರೆ 95ರ ಹೆಸರಲ್ಲಿ ಜಾಸ್ತಿ ಕೊಡುವ ದುಡ್ಡಿಗೆ ಆಕ್ಟೇನ್ ಲೆಕ್ಕದಲ್ಲಿ ಹೆಚ್ಚೇನೂ ಸಿಗುವುದಿಲ್ಲ, ಅಲ್ವಾ? ಉಳಿಯುವುದು ವಾಲ್ವ್, ಇಂಜೆಕ್ಟರ್ ಕ್ಲೀನ್ ಮಾಡುವ ಅಡಿಟಿವ್. ಅದು ಸುಳ್ಳಲ್ಲ, ಆದರೆ ಪ್ರತಿ ಸಲ ಹಾಕಿಸುವಷ್ಟು ದೊಡ್ಡ ವಿಷಯವೂ ಅಲ್ಲ.

ಭಾವಮೈದನ ಲೆಕ್ಕವನ್ನೇ ನಿಜ ಅಂದುಕೊಳ್ಳೋಣ. ಸಾದಾ ಪೆಟ್ರೋಲ್ ಲೀಟರಿಗೆ 100, ಪ್ರೀಮಿಯಂ 110 ಅಂತಿಟ್ಟುಕೊಳ್ಳಿ. 20 ಕೊಡುತ್ತಿದ್ದ ಗಾಡಿ 22 ಕೊಟ್ಟರೂ ಕಿಲೋಮೀಟರಿಗೆ ಬೀಳುವುದು ಅದೇ ಐದು ರೂಪಾಯಿ! ಅವರು ಉಳಿಸಿದ್ದು ಸೊನ್ನೆ. ಇನ್ನು 100 ಆಕ್ಟೇನ್‌ನದು ರೇಟ್ ಕೇಳಿದರೇ ಸಾಕು, ಆಸೆ ಹೋಗುತ್ತದೆ.

ಟರ್ಬೊ ಗಾಡಿಯ ಮಾತು ಬೇರೆ. ಅಲ್ಲಿ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವುದರಿಂದ ಒತ್ತಡ ಜಾಸ್ತಿ. ನಾಕಿಂಗ್ ಆದರೆ ನಾಕ್ ಸೆನ್ಸರ್ ಸದ್ದು ಹಿಡಿಯುತ್ತದೆ, ಎಂಜಿನ್ ಕಂಪ್ಯೂಟರ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಚ್ಚುವ ಕ್ಷಣವನ್ನು, ತಡ ಮಾಡುತ್ತದೆ, ಪಿಕಪ್ ಸ್ವಲ್ಪ ಸತ್ತ ಹಾಗೆ ಆಗುತ್ತದೆ. ಒಳ್ಳೆ ಆಕ್ಟೇನ್ ಇದ್ದರೆ ಆ ತೊಂದರೆ ಕಡಿಮೆ. ಮ್ಯಾನುಯಲ್‌ನಲ್ಲಿ 95 ಬೇಕು ಅಂತಿದ್ದರೆ ಅಷ್ಟು ಇರಲೇಬೇಕು.

ನಿಮ್ಮ ಗಾಡಿ ಶಿರಾಡಿ ಘಾಟಿ ಹತ್ತುವಾಗ ಐದು ಜನ, ಎಸಿ, ಲಗೇಜ್ ಎಲ್ಲ ಇದ್ದು ಟಕಟಕ ಅಂದರೆ ಮೊದಲು ಗೇರ್ ಇಳಿಸಿ. ನಾಲ್ಕನೇ ಗೇರಲ್ಲಿ ಎಳೆಸಿದರೆ ಯಾವ ಎಂಜಿನ್ ಆದರೂ ಕೊರಗುತ್ತದೆ. ಆಮೇಲೂ ಸದ್ದು ನಿಲ್ಲದಿದ್ದರೆ ಪ್ಲಗ್, ಕೂಲೆಂಟ್, ಕಾರ್ಬನ್ ನೋಡಿಸಿ. ಈಗಾಗಲೇ ಟ್ಯಾಂಕಿಗೆ ಪ್ರೀಮಿಯಂ ಹಾಕಿಸಿದ್ದರೆ ಚಿಂತೆ ಬೇಡ, ಓಡಿಸಿ ಮುಗಿಸಿ. ಎಂಜಿನ್‌ಗೆ ಏನೂ ಆಗುವುದಿಲ್ಲ.