ಆರು ಹಲಗೆಯ ಚುಟುಕ

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಅಮೆರಿಕದ ಹಳೇ ಜಾಹೀರಾತುಗಳಿಗೆ ಮೂರು ಪುಟ ಕೊಟ್ಟಿದ್ದೀರಿ. ಸರಕು ಮಾರುವ ಆಟಕ್ಕೆ ಇಷ್ಟೊಂದು ಹಂಬಲವೇ? ಆ ಕಾಲದಲ್ಲಿ ಅಲ್ಲಿ ಕಪ್ಪು ಜನರಿಗೆ ದಾರಿಯಲ್ಲಿ ಕೂತು ಕಾಫಿ ಕುಡಿಯಲೂ ಜಾಗ ಸಿಗುತ್ತಿರಲಿಲ್ಲ. ಅದನ್ನು ಯಾಕೆ ಬಿಟ್ಟಿರಿ?"

ಒಪ್ಪಿದೆ ಮೇಷ್ಟ್ರೇ. 1957ರಲ್ಲಿ ಘಾನಾದ ಹಣಕಾಸು ಮಂತ್ರಿ ಗ್ಬೆಡೆಮಾ ಅವರು ಡೆಲವೇರ್‌ನ ಡೋವರ್‌ನಲ್ಲಿ ಹೊವರ್ಡ್ ಜಾನ್ಸನ್ ಹೋಟೆಲಿಗೆ ಹೋಗಿ ಕಿತ್ತಳೆ ರಸ ಕೇಳಿದರು. ರಸ ಕೊಟ್ಟರು, ಒಳಗೆ ಕೂರುವಂತಿಲ್ಲ ಅಂದರು. ಅಧ್ಯಕ್ಷ ಐಸೆನ್‌ಹೋವರ್ ಈ ಮಂತ್ರಿಯನ್ನು ಶ್ವೇತಭವನಕ್ಕೆ ತಿಂಡಿಗೆ ಕರೆದು ಮಾನ ಉಳಿಸಿಕೊಳ್ಳಬೇಕಾಯಿತು. ಅದೇ ಹೋಟೆಲಿನ ಕಿತ್ತಳೆ ಬಣ್ಣದ ಛಾವಣಿಯ ಚಿತ್ರ ಹಾಕಿ ಈ ಕತೆ ಬಿಟ್ಟದ್ದು ನಮ್ಮ ತಪ್ಪೇ.

ಆದರೆ "ಸರಕು ಮಾರುವ ಆಟ" ಅಂತ ಒಂದೇ ಏಟಿಗೆ ತಳ್ಳಿಬಿಟ್ಟಿರಲ್ಲ, ಅಲ್ಲಿ ನನ್ನ ತಕರಾರಿದೆ. ಜೀವನವಿಡೀ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದ ನೀವು ಹೀಗನ್ನಬಹುದಾ?

ಬರ್ಮಾ-ಶೇವ್ ಹೆಸರು ಆ ಲೇಖನದಲ್ಲಿ ಒಂದು ಸಾಲಿನಲ್ಲಿ ಬಂದು ಹೋಯಿತು. ನನಗೆ ಕೇಳಿದರೆ ಮೂರು ಪುಟವೂ ಅದಕ್ಕೇ ಸಲ್ಲಬೇಕಿತ್ತು. ಅದು ಮಿನೆಸೋಟಾದ ಒಂದು ಕುಟುಂಬ ಮಾಡುತ್ತಿದ್ದ ಕ್ರೀಮು. ಬ್ರಷ್ ಇಲ್ಲದೆ ಕೈಯಲ್ಲೇ ಹಚ್ಚಿ ಗಡ್ಡ ಹೆರೆಯಬಹುದಿತ್ತು. ಯಾರೂ ಕೊಳ್ಳುತ್ತಿರಲಿಲ್ಲ. 1925ರಲ್ಲಿ ಮಗ ಅಲನ್ ಒಡೆಲ್, ರಸ್ತೆ ಪಕ್ಕ ಸಾಲಾಗಿ ಸಣ್ಣ ಹಲಗೆ ನೆಡೋಣ ಅಂದ. ಅಪ್ಪ ಅರೆಮನಸ್ಸಿನಿಂದ 200 ಡಾಲರ್ ಕೊಟ್ಟರು. ಮುಂದೆ ಅದೇ ಒಂದು ಪದ್ಧತಿಯಾಯಿತು. ಹೊಲದ ಅಂಚಿನಲ್ಲಿ ಆರು ಕೆಂಪು ಹಲಗೆ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 100 ಅಡಿ. ಒಂದೊಂದರಲ್ಲಿ ಮೂರೋ ನಾಲ್ಕೋ ಪದ, ಕೊನೆಯದರಲ್ಲಿ ಕ್ರೀಮಿನ ಹೆಸರು. ಗುಂಡಿ ತೋಡಿ ಹಲಗೆ ನೆಡುವವರನ್ನು ಕಂಪನಿಯಲ್ಲಿ "ಪಿಎಚ್‌ಡಿ" ಅನ್ನುತ್ತಿದ್ದರು, ಪೋಸ್ಟ್ ಹೋಲ್ ಡಿಗರ್ ಅಂತ!

ಲೆಕ್ಕ ಹಾಕಿ ನೋಡಿ. ಗಂಟೆಗೆ 35 ಮೈಲಿಯಲ್ಲಿ ಹೋಗುವ ಕಾರಿಗೆ 100 ಅಡಿ ಅಂದರೆ ಎರಡು ಸೆಕೆಂಡು. ಮುಂದಿನ ಪ್ರಾಸ ಏನಿರಬಹುದು ಅಂತ ಹಿಂದಿನ ಸೀಟಿನ ಮಕ್ಕಳು ಊಹಿಸಲು ಅಷ್ಟು ಸಾಕು. ಇದು ಚುಟುಕ ಅಲ್ಲದೆ ಮತ್ತೇನು? ಒಂದರ ಭಾವ ಹೀಗಿದೆ: ಒಂದು ನಿಮಿಷ ಉಳಿಸಲು ಹೋಗಿ ತಲೆ ಕಳೆದುಕೊಳ್ಳಬೇಡ, ತಲೆ ಬೇಕಪ್ಪಾ, ಮಿದುಳು ಇರುವುದೇ ಅದರೊಳಗೆ. ಇಲ್ಲಿ ಕ್ರೀಮಿನ ಹೊಗಳಿಕೆ ಎಲ್ಲಿದೆ ಹೇಳಿ?

ತಮಾಷೆಗೆ ಬೆಲೆ ತೆರುವ ಗುಣವೂ ಅವರಿಗಿತ್ತು. 900 ಖಾಲಿ ಡಬ್ಬಿ ತಂದರೆ ಮಂಗಳ ಗ್ರಹಕ್ಕೆ ಪುಕ್ಕಟೆ ಪ್ರಯಾಣ ಅಂತ ಒಮ್ಮೆ ಬರೆದರು. ವಿಸ್ಕಾನ್ಸಿನ್‌ನ ದಿನಸಿ ಅಂಗಡಿಯೊಂದರ ಮ್ಯಾನೇಜರ್ ನಿಜವಾಗಿಯೂ 900 ಡಬ್ಬಿ ಕೂಡಿಸಿಬಿಟ್ಟ! ಮಂಗಳಕ್ಕೆ ಇಂಗ್ಲಿಷಿನಲ್ಲಿ ಮಾರ್ಸ್ ಅಲ್ವಾ? ಅದಕ್ಕೆ ಹತ್ತಿರದ ಹೆಸರಿನ ಮೋರ್ಸ್ ಎಂಬ ಊರು ಜರ್ಮನಿಯಲ್ಲಿದೆ. ಕಂಪನಿ ಅವನನ್ನು ಅಲ್ಲಿಗೆ ಕಳಿಸಿತು. ಇವತ್ತಾದರೆ "ಷರತ್ತುಗಳು ಅನ್ವಯಿಸುತ್ತವೆ" ಅಂತ ಇರುವೆ ಗಾತ್ರದ ಅಕ್ಷರ ತೋರಿಸಿ ಮನೆಗೆ ಕಳಿಸುತ್ತಿದ್ದರು.

ರೇಡಿಯೋದಲ್ಲೂ ಇದೇ ಹದ ಇತ್ತು. ಜ್ಯಾಕ್ ಬೆನ್ನಿ ಎಂಬ ಹಾಸ್ಯಗಾರ ಕೇಳುಗರಿಗೆ "ಹಲೋ" ಅನ್ನುವ ಬದಲು "ಜೆಲ್-ಓ ಅಗೇನ್" ಅನ್ನುತ್ತಿದ್ದ. ಜೆಲ್-ಓ ಕಾರ್ಯಕ್ರಮಕ್ಕೆ ಹಣ ಕೊಟ್ಟ ಸಿಹಿತಿಂಡಿಯ ಹೆಸರು. ಕೊನೆಗೆ ಅದೇ ಒಂದು ನಗೆಚಟಾಕಿಯಾಯಿತು. ಆಮೇಲೆ ಅದೇ ಬೆನ್ನಿಯ ಕಾರ್ಯಕ್ರಮಕ್ಕೆ ಸಿಗರೇಟು ಕಂಪನಿ ದುಡ್ಡು ಕೊಟ್ಟಿತು. ಇದನ್ನು ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಬರ್ಮಾ-ಶೇವ್ ಕೊನೆಗೆ ಹೋದದ್ದೂ ಸಿಗರೇಟಿನವರ ಕೈಗೇ. 1963ರಲ್ಲಿ ಫಿಲಿಪ್ ಮಾರಿಸ್ ಕೊಂಡಿತು, ಹಲಗೆಗಳು ಕಿತ್ತುಹೋದವು. ಅಷ್ಟರಲ್ಲಿ 1956ರ ಕಾಯಿದೆಯ ದೊಡ್ಡ ಹೆದ್ದಾರಿಗಳು ಬರತೊಡಗಿದ್ದವು. 70 ಮೈಲಿ ವೇಗದಲ್ಲಿ ಎರಡು ಸೆಕೆಂಡು ಒಂದಾಗುತ್ತದೆ. ಪ್ರಾಸಕ್ಕೆ ಕಾಯುವವರು ಯಾರು? ಊರುಗಳಿಗೂ ಅದೇ ಗತಿ. 1978ರಲ್ಲಿ ಅರಿಝೋನಾದ ಸೆಲಿಗ್ಮನ್ ಪಕ್ಕ ಹೊಸ ಹೆದ್ದಾರಿ ತೆರೆದಾಗ, ರೂಟ್ 66 ಎಂಬ ಹಳೇ ಹೆದ್ದಾರಿಯ ಮೇಲೆ ಊರ ನಡುವೆ ಹಾದುಹೋಗುತ್ತಿದ್ದ ವಾಹನಗಳು ಒಮ್ಮೆಲೇ ನಿಂತುಹೋದವು. ಆ ದಾರಿಯನ್ನು ಉಳಿಸಲು 1987ರಲ್ಲಿ ಸಂಘ ಕಟ್ಟಲು ಮುಂದೆ ನಿಂತವರು ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೊ. ಇಲ್ಲೂ ಬಂದವರು ಗಡ್ಡ ಹೆರೆಯುವವರೇ, ನೋಡಿ! ನಮ್ಮ ಬೈಪಾಸುಗಳ ಬಗ್ಗೆ ಬರೆಯಲು ಹೊರಟರೆ ಈ ಪುಟ ಸಾಲದು. ಬೆಂಗಳೂರಿನಿಂದ ಮೈಸೂರಿಗೆ ಬೇಗ ಬಂದೆವು ಅನ್ನುವವರೆಲ್ಲ ಮದ್ದೂರು ವಡೆ ಎಲ್ಲಿ ಕಟ್ಟಿಸಿಕೊಂಡರು ಅಂತ ಒಮ್ಮೆ ಕೇಳಿ ನೋಡಿ.

ಈಗಿನ ಜಾಹೀರಾತಿಗೆ ನಾವು ಕಾಯುವುದಿಲ್ಲ, ಅದೇ ನಮ್ಮನ್ನು ಅಟ್ಟಿಸಿಕೊಂಡು ಬರುತ್ತದೆ. ಒಮ್ಮೆ ಚಪ್ಪಲಿ ಹುಡುಕಿದರೆ ತಿಂಗಳಿಡೀ ಫೋನಿನ ತುಂಬ ಚಪ್ಪಲಿ. ಜತೆಗೆ ಮುಂಬಯಿಯಲ್ಲಿ ಕೂತು ತರ್ಜುಮೆ ಮಾಡಿದ ಕನ್ನಡ, ಓದಿದರೆ ಹಲ್ಲಿಗೆ ಕಲ್ಲು ಸಿಕ್ಕಂತೆ.

ನಮ್ಮ ಪತ್ರಿಕೆಯದೂ ದೊಡ್ಡ ಸಾಧನೆಯೇನಲ್ಲ. ಕಳೆದ ವರ್ಷ ಹಪ್ಪಳ ಮಾರುವವರೊಬ್ಬರು ಕಾಲು ಪುಟ ಕೊಂಡರು. ಒಂದು ಸಂಜೆ ಪೂರ್ತಿ ಕೂತು ಅವರಿಗೆ ನಾಲ್ಕು ಸಾಲು ಬರೆದುಕೊಟ್ಟೆ, ಪ್ರಾಸವೂ ಚೆನ್ನಾಗಿಯೇ ಕೂತಿತ್ತು. ಅವರು ಓದಿ ನಕ್ಕರು. ಆಮೇಲೆ, "ಚೆನ್ನಾಗಿದೆ ಸಾರ್, ಇದನ್ನ ತೆಗೆದು ಆ ಜಾಗದಲ್ಲಿ ಫೋನ್ ನಂಬರ್ ದಪ್ಪಕ್ಕೆ ಹಾಕಿಬಿಡಿ" ಅಂದರು. ಹಾಕಿದೆವು.

— ಸಂಪಾದಕ