ನೀರಿನಲ್ಲಿ ಅಂಥ ವಿಶೇಷ ಏನಿದೆ? ಜೀವಿಗಳಿಗೆ ಅದು ಯಾಕೆ ಅಷ್ಟು ಮುಖ್ಯ?

ಗುಟ್ಟು ಇರುವುದು ನೀರಿನ ಅಣುವಿನ ಆಕಾರದಲ್ಲಿ. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಆದರೆ ಮೂರೂ ನೇರ ಸಾಲಿನಲ್ಲಿಲ್ಲ, ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆಕ್ಸಿಜನ್ ಕಡೆ ತುಸು ಋಣ ವಿದ್ಯುದಂಶ, ಹೈಡ್ರೋಜನ್ ಕಡೆ ತುಸು ಧನ. ಹಾಗಾಗಿ ಅಣುಗಳು ಒಂದನ್ನೊಂದು ಎಳೆಯುತ್ತವೆ. ಇದೇ ಹೈಡ್ರೋಜನ್ ಬಂಧ.

ನನಗೆ ಎಲ್ಲಕ್ಕಿಂತ ಜಾಸ್ತಿ ಅಚ್ಚರಿ ತರುವುದು ಮಂಜುಗಡ್ಡೆ. ಬಹುತೇಕ ವಸ್ತುಗಳು ಗಟ್ಟಿಯಾದಾಗ ತಮ್ಮದೇ ದ್ರವದಲ್ಲಿ ಮುಳುಗುತ್ತವೆ. ನೀರು ಹಾಗಲ್ಲ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸಾಂದ್ರತೆ ಅತಿ ಹೆಚ್ಚು. ಇನ್ನೂ ತಣ್ಣಗಾದರೆ ಹಿಗ್ಗುತ್ತದೆ, ಹೆಪ್ಪುಗಟ್ಟಿದಾಗ ಸುಮಾರು 9% ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಸರೋವರಗಳು ಮೇಲಿನಿಂದ ಹೆಪ್ಪುಗಟ್ಟುತ್ತವೆ. ಆ ಪದರವೇ ಹೊದಿಕೆಯ ಹಾಗೆ ಚಳಿಯನ್ನು ತಡೆಯುತ್ತದೆ, ಕೆಳಗೆ ಮೀನುಗಳು ಚಳಿಗಾಲ ಕಳೆಯುತ್ತವೆ. ತಳದಿಂದಲೇ ಗಟ್ಟಿಯಾಗುತ್ತಾ ಬಂದಿದ್ದರೆ ಅವು ಬದುಕುವುದು ಎಷ್ಟು ಕಷ್ಟ ಇತ್ತು, ಅಲ್ವಾ?

1 ಗ್ರಾಂ ನೀರಿನ ಉಷ್ಣತೆ 1 ಡಿಗ್ರಿ ಏರಲು ಸುಮಾರು 4.18 ಜೂಲ್ ಶಾಖ ಬೇಕು. ಇದು ಬಹಳ ದೊಡ್ಡ ಮೊತ್ತ. ಹಾಗಾಗಿ ನಮ್ಮ ದೇಹದ ಉಷ್ಣತೆ ಥಟ್ಟನೆ ಏರುಪೇರಾಗುವುದಿಲ್ಲ. ಬೆವರು ಆರುವಾಗ ಚರ್ಮದ ಶಾಖವನ್ನೂ ಹೊತ್ತೊಯ್ಯುತ್ತದೆ.

ಉಪ್ಪು, ಸಕ್ಕರೆ ನೀರಿನಲ್ಲಿ ಕರಗುತ್ತವೆ, ರಕ್ತ ಅವನ್ನು ಜೀವಕೋಶಗಳಿಗೆ ಮುಟ್ಟಿಸುತ್ತದೆ. ಕೊಬ್ಬು ಕರಗುವುದಿಲ್ಲ. ಇದನ್ನು ಸುಮ್ನೆ ಬಿಡಬೇಡಿ, ಇದೂ ಅಷ್ಟೇ ಮುಖ್ಯ. ಜೀವಕೋಶದ ಹೊರಪೊರೆ ಕೊಬ್ಬಿನಂಥ ಅಣುಗಳಿಂದಲೇ ಆಗಿದೆ. ಅದು ಕರಗಿಬಿಟ್ಟರೆ ಕೋಶಕ್ಕೆ ಒಳಗು, ಹೊರಗು ಅನ್ನುವುದೇ ಇರುತ್ತಿರಲಿಲ್ಲ.

ಇನ್ನು ಮರಗಳು. ಎಲೆಯಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿಕೊಂಡ ಅಣುಗಳ ಸಾಲು ಬೇರಿನಿಂದ ಮೇಲಕ್ಕೆ ಎಳೆಯಲ್ಪಡುತ್ತದೆ. 100 ಮೀಟರ್ ಎತ್ತರದ ಮರದ ತುದಿಗೂ ನೀರು ಹೀಗೇ ತಲುಪುತ್ತದೆ.