ತಂದೆಯ ಕಡೆಯ ಕ್ಯಾನ್ಸರ್ ಮಗಳಿಗೂ ಬರಬಹುದೇ?

ಪ್ರಶ್ನೆ: ನನಗೆ 34 ವರ್ಷ. ಸೋದರತ್ತೆಗೆ 51ನೆಯ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಗಿತ್ತು. ಈಗ ಚಿಕಿತ್ಸೆ ಮುಗಿದಿದೆ. ತಂದೆಯ ತಾಯಿ ನಲವತ್ತರ ಆಸುಪಾಸಿನಲ್ಲೇ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ತಾಯಿಯ ಕಡೆ ಯಾರಿಗೂ ಈ ಕಾಯಿಲೆ ಇಲ್ಲದ್ದರಿಂದ ಹೆದರಬೇಕಿಲ್ಲ ಎನ್ನುತ್ತಾರೆ ಮನೆಯವರು. ನಾನು ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ: ಮನೆಯವರ ಮಾತಿನಲ್ಲಿ ಕಾಳಜಿಯಿದೆ, ಆದರೆ ಅದು ಸರಿಯಲ್ಲ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಎರಡು ಜೀನುಗಳಲ್ಲಿ ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಬಿಆರ್‌ಸಿಎ1 ಜೀನ್ 17ನೆಯ ವರ್ಣತಂತುವಿನಲ್ಲಿಯೂ ಬಿಆರ್‌ಸಿಎ2 ಜೀನ್ 13ನೆಯದರಲ್ಲಿಯೂ ಇರುವುದರಿಂದ, ಅಂದರೆ ಎರಡೂ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳಲ್ಲದಿರುವುದರಿಂದ, ಅವುಗಳ ದೋಷ ತಂದೆಯಿಂದಾಗಲಿ ತಾಯಿಯಿಂದಾಗಲಿ ಪ್ರತಿಯೊಂದು ಮಗುವಿಗೂ ಶೇ 50ರ ಸಾಧ್ಯತೆಯಲ್ಲಿ ದಾಟಿ ಬರುತ್ತದೆ. ಗಂಡಸರಲ್ಲಿ ಅದು ಕಾಯಿಲೆಯಾಗಿ ಕಾಣಿಸಿಕೊಳ್ಳುವುದು ಕಡಿಮೆಯಾದ್ದರಿಂದ ತಂದೆಯ ಕಡೆಯ ಇತಿಹಾಸವನ್ನು ಕೇಳುವವರೂ ಕಡಿಮೆ.

ಪರೀಕ್ಷೆಗೆ ಕಾರಣವಿದೆ. ಆದರೆ ಅದನ್ನು ಮೊದಲು ಮಾಡಿಸಿಕೊಳ್ಳಬೇಕಾದವರು ನೀವಲ್ಲ, ನಿಮ್ಮ ಸೋದರತ್ತೆ. ಕಾಯಿಲೆ ಬಂದವರಲ್ಲಿ ದೋಷ ಎಲ್ಲಿದೆಯೆಂದು ಗೊತ್ತಾದರೆ, ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಅದು ನಿಮ್ಮಲ್ಲಿ ಇಲ್ಲವೆಂದಾದರೆ ಆ ಭಯವನ್ನು ನೀವು ನಿಜವಾಗಿಯೂ ಬಿಡಬಹುದು. ಹಾಗಲ್ಲದೆ ನೀವೇ ಮೊದಲು ಹೋದರೆ, 'ಏನೂ ಕಂಡುಬಂದಿಲ್ಲ' ಎಂಬ ವರದಿಗೆ ಎರಡು ಅರ್ಥಗಳು ಉಳಿದುಬಿಡುತ್ತವೆ: ಕುಟುಂಬದ ದೋಷ ನಿಮಗೆ ಬಂದಿಲ್ಲದಿರಬಹುದು, ಅಥವಾ ಅದು ಆ ಪರೀಕ್ಷೆ ನೋಡದ ಬೇರೊಂದು ಜೀನಿನಲ್ಲಿ ಇರಬಹುದು. ಪಿಎಎಲ್‌ಬಿ2, ಆರ್‌ಎಡಿ51ಸಿಯಂಥ ಜೀನುಗಳಿಂದಲೂ ಅಪಾಯ ಹೆಚ್ಚುತ್ತದೆ. ಎಂಜಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸುವ ಕೆಲವು ಅಗ್ಗದ ಪರೀಕ್ಷೆಗಳಂತೂ ಬೆರಳೆಣಿಕೆಯ ದೋಷಗಳನ್ನಷ್ಟೇ ನೋಡುತ್ತವೆ. ಅವುಗಳ ವರದಿಯನ್ನು ನಂಬಿ ನಿಶ್ಚಿಂತರಾಗುವುದು, ನನ್ನ ಮಟ್ಟಿಗೆ, ಪರೀಕ್ಷೆಯನ್ನೇ ಮಾಡಿಸದಿರುವುದಕ್ಕಿಂತ ಅಪಾಯಕಾರಿ.

ದೋಷವಿದ್ದರೆ ಏನು? 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ1 ದೋಷವುಳ್ಳ ಮಹಿಳೆಯರಲ್ಲಿ ಶೇ 72, ಬಿಆರ್‌ಸಿಎ2 ಆದರೆ ಶೇ 69. ಅಂಡಾಶಯದ್ದು ಕ್ರಮವಾಗಿ ಶೇ 44 ಮತ್ತು ಶೇ 17. ಇವು ಸಾಧ್ಯತೆಗಳೇ ಹೊರತು ತೀರ್ಪಲ್ಲ. ಸ್ತನವನ್ನು ವರ್ಷಕ್ಕೊಮ್ಮೆ ಎಂಆರ್‌ಐ ಮತ್ತು ಮ್ಯಾಮೊಗ್ರಾಮ್ ಮೂಲಕ ಗಮನಿಸುತ್ತಿರಬಹುದು. ಅಂಡಾಶಯದ ಕ್ಯಾನ್ಸರನ್ನು ಬೇಗನೆ ಹಿಡಿಯಬಲ್ಲ ನಂಬಿಕಸ್ಥ ತಪಾಸಣೆ ಇಲ್ಲದಿರುವುದರಿಂದಲೇ, ಮಕ್ಕಳಾದ ಮೇಲೆ, ಬಿಆರ್‌ಸಿಎ1 ಇದ್ದವರಿಗೆ 35ರಿಂದ 40ರ ನಡುವೆ, ಬಿಆರ್‌ಸಿಎ2 ಇದ್ದವರಿಗೆ ಸಾಮಾನ್ಯವಾಗಿ 40ರಿಂದ 45ರ ನಡುವೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳುವಂತೆ ವೈದ್ಯರು ಸಲಹೆ ಮಾಡುತ್ತಾರೆ. ಮಕ್ಕಳ ಬಗ್ಗೆ ನಿಮಗೆ ಯೋಚನೆಯಿದ್ದರೆ ಈ ಮಾತನ್ನು ಮುಂದೂಡಬೇಡಿ.

ವರದಿಯಲ್ಲಿ 'ಮಹತ್ವ ತಿಳಿಯದ ವ್ಯತ್ಯಾಸ', ಅಂದರೆ ಅಪಾಯಕಾರಿಯೋ ಅಲ್ಲವೋ ಎಂದು ಇನ್ನೂ ಗೊತ್ತಾಗದ ಜೀನಿನ ಬದಲಾವಣೆ, ಎಂದು ಬರುವುದೂ ಉಂಟು. ಅದರ ಆಧಾರದ ಮೇಲೆ ಯಾವ ಶಸ್ತ್ರಚಿಕಿತ್ಸೆಗೂ ಒಪ್ಪಬೇಡಿ. ಅಂಥವುಗಳಲ್ಲಿ ಹೆಚ್ಚಿನವು ಮುಂದೆ ನಿರುಪದ್ರವಿಯೆಂದೇ ತೀರ್ಮಾನವಾಗುತ್ತವೆ. ಮಾದರಿ ಕೊಡುವ ಮೊದಲೇ ಆನುವಂಶಿಕ ಸಮಾಲೋಚಕರನ್ನು ಕಾಣಿರಿ ಎನ್ನುವುದು ಇದಕ್ಕಾಗಿಯೇ.

ಅತ್ತೆಯವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಸಲ್ಲದು. ಆಗ ನಿಮ್ಮ ತಂದೆಯವರನ್ನು ಕೇಳಿ. ಬಿಆರ್‌ಸಿಎ2 ದೋಷವಿರುವ ಗಂಡಸರಲ್ಲಿ ಪ್ರಾಸ್ಟೇಟ್ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿರುವುದರಿಂದ, ಆ ಪರೀಕ್ಷೆ ನಿಮ್ಮೊಬ್ಬರ ಸಲುವಾಗಿ ಮಾತ್ರವಲ್ಲ, ಅವರ ಆರೋಗ್ಯಕ್ಕೂ ಬೇಕಾದದ್ದೇ.